ಅಂಪ್ಲಿಫೈಯರಿಗೊಂದು ವಿಶೇಷಣ

ನನಗೆ ಎಲೆ-ಅಡಿಕೆಯ ಚಟವಿಲ್ಲ, ಇಸ್ಪೀಟಿನ ಹುಚ್ಚಿಲ್ಲ. ಇರುವುದು ಒಂದೇ, ಅದನ್ನು ಹೇಳಿಕೊಳ್ಳಲು ಸ್ವಲ್ಪ ನಾಚಿಕೆ. ಅಂಪ್ಲಿಫೈಯರುಗಳ ದನಿ ಹೇಗಿದೆ ಎಂದು ನಾನು ನೋಟುಬುಕ್ಕಿನಲ್ಲಿ ಬರೆದಿಡುತ್ತೇನೆ. ಗೆಳೆಯರ ಮನೆಗೆ ಹೋದರೆ ಮಕ್ಕಳು ಹೇಗಿದ್ದಾರೆ ಎಂದು ಕೇಳುವ ಮೊದಲು ಷೋಕೇಸಿನಲ್ಲಿರುವ ಡಬ್ಬಿಯ ದನಿ ಕೇಳುತ್ತೇನೆ. ಮನೆಗೆ ಬಂದು ‘ತುಸು ಒಣಕಲು’, ‘ಅಂಚು ಹರಿತ’, ‘ನಡುವಿನ ದನಿಯಲ್ಲಿ ಬೆಣ್ಣೆ’ ಎಂದು ಗೀಚುತ್ತೇನೆ. ಒಮ್ಮೆ ನನ್ನ ಹೆಂಡತಿ ಸರೋಜಾ ಅದನ್ನು ಅಡುಗೆಯ ಪುಸ್ತಕವೆಂದೇ ತಿಳಿದು ಅರ್ಧ ಪುಟ ಓದಿದ್ದಳು.

ಅಂಪ್ಲಿಫೈಯರಿನ ಕೆಲಸವೇನೋ ಸರಳ. ಕ್ಯಾಸೆಟ್ಟಿನಿಂದ ಬಂದ ಸಣ್ಣ ದನಿಯನ್ನು ಸ್ಪೀಕರಿಗೆ ಸಾಲುವಷ್ಟು ದೊಡ್ಡದು ಮಾಡಬೇಕು, ಅಷ್ಟೇ. ಒಳ್ಳೆಯದಕ್ಕೆ ತನ್ನದೆಂಬ ಗುಣವೇ ಇರಬಾರದು, ಕೊಟ್ಟದ್ದನ್ನು ಕೊಟ್ಟ ಹಾಗೆ ಮುಟ್ಟಿಸಬೇಕು ಎನ್ನುತ್ತಾರೆ ಬಲ್ಲವರು. ಹೇಳಿದ ಸುದ್ದಿಯನ್ನು ಹೇಳಿದ ಹಾಗೆಯೇ ಮುಟ್ಟಿಸುವ ಮನುಷ್ಯನನ್ನು ನಾನು ಬೆಳಗಾವಿಯಲ್ಲಿ ಇನ್ನೂ ಕಂಡಿಲ್ಲ, ಪಾಪದ ಡಬ್ಬಿಯಿಂದ ಹೇಗೆ ಬಯಸಲಿ? ನಮ್ಮ ಹಳೆಯ ಕಾವ್ಯಮೀಮಾಂಸಕರು ಕಾವ್ಯಕ್ಕೆ ಮಾಧುರ್ಯ, ಓಜಸ್ಸು, ಪ್ರಸಾದ ಎಂದು ಗುಣಗಳನ್ನು ಹೇಳಿದ್ದಾರೆ. ಅವರ ಕಾಲಕ್ಕೆ ಕರೆಂಟು ಇದ್ದಿದ್ದರೆ ಅಂಪ್ಲಿಫೈಯರುಗಳನ್ನೂ ಹೀಗೇ ಮೂರು ಸಾಲಿನಲ್ಲಿ ನಿಲ್ಲಿಸುತ್ತಿದ್ದರು ಎಂಬುದು ನನ್ನ ನಂಬಿಕೆ. ಮಾಧುರ್ಯವೂ ಓಜಸ್ಸೂ ಪೇಟೆಯಲ್ಲಿ ಸಿಗುತ್ತವೆ. ಕೇಳಿದ ಕೂಡಲೇ ಮನಸ್ಸಿಗೆ ಹತ್ತುವ ಪ್ರಸಾದಗುಣ ಮಾತ್ರ ಹುಡುಕಿದರೂ ಸಿಗುವುದು ಕಷ್ಟ.

ಈ ಹುಚ್ಚಿಗೆ ತುಪ್ಪ ಸುರಿದವನು ವಡಗಾವಿಯ ಈರಣ್ಣ. ಅವನ ಮನೆಯ ಮುಂದಿನ ಕೋಣೆಯಲ್ಲಿ ಎರಡು ಪವರ್‌ಲೂಮ್, ಹಿಂದಿನ ಕೋಣೆಯಲ್ಲಿ ಅಂಪ್ಲಿಫೈಯರ್ ಕಟ್ಟುವ ಮೇಜು. ಆ ಓಣಿಯಲ್ಲಿ ಮಗ್ಗಗಳ ಖಟಖಟದ ನಡುವೆ ಮದುವೆಯ ಬ್ಯಾಂಡು ಹಾದು ಹೋದರೂ ತಿಳಿಯದು. ಹಾಗಾಗಿ ಈರಣ್ಣ ತಾನು ಕಟ್ಟಿದ್ದನ್ನು ಕಿವಿಗೊಟ್ಟು ಕೇಳುವುದು ತಿಂಗಳಿಗೊಮ್ಮೆ, ಅಮಾವಾಸ್ಯೆಯಂದು. ಅಂದು ಓಣಿಯ ಮಗ್ಗಗಳಿಗೆಲ್ಲ ರಜೆ. ಸಿ.ಡಿ. ಬಂದು ಕ್ಯಾಸೆಟ್ಟು ಹಳತಾಗುತ್ತಿದ್ದ ಆ ವರ್ಷ, ಅಂಥದೊಂದು ಅಮಾವಾಸ್ಯೆಯ ದಿನ ಅವನು ಬಣ್ಣವನ್ನೂ ಬಳಿಯದ ತಗಡಿನ ಡಬ್ಬಿಯೊಂದನ್ನು ನನ್ನ ಕೈಗಿಟ್ಟ.

“ಇಲ್ಲೇ ಕೇಳಿ ಹೂಂ ಅನಬ್ಯಾಡ್ರಿ, ಸರ. ಮನಿಗೆ ಒಯ್ದು ಮುಂದಿನ ಅಮಾಸಿ ತನಕಾ ಕೇಳ್ರಿ. ಮನಸಿಗೆ ಬರಲಿಲ್ಲಂದ್ರ ತಂದು ಕೊಡ್ರಿ,” ಎಂದ.

ಮಹಾಂತೇಶ ನಗರದ ನಮ್ಮ ಮನೆಯಲ್ಲಿ ಆಗಲೇ ಒಂದು ಅಂಪ್ಲಿಫೈಯರ್ ಇತ್ತು. ನೀಲಿ ದೀಪ, ಕುಣಿಯುವ ಎರಡು ಮುಳ್ಳು, ನೋಡಲು ಮದುವೆ ಗಂಡಿನಂತೆ. ಸರೋಜಾ ಎರಡನ್ನೂ ನೋಡಿ ಅಲ್ಲೇ ತೀರ್ಪು ಕೊಟ್ಟಳು. “ಷೋಕೇಸನ್ಯಾಗ ಒಂದಕ್ಕ ಜಾಗಾ ಐತಿ. ಎರಡರೊಳಗ ಏನು ಫರಕ್ ಐತಿ ಅಂತ ನನಗ ತಿಳಿಯೂ ಹಂಗ ಹೇಳ್ರಿ. ಅಮಾಸಿಯೊಳಗ ಹೇಳಾಕ ಆಗಲಿಲ್ಲಂದ್ರ ಹೊಸಾದು ವಾಪಸ್.”

ನ್ಯಾಯವಾದ ಮಾತು. ನನಗೋ ಹೊಸದು ಬೇಕೇ ಬೇಕಾಗಿತ್ತು. ಅದರಲ್ಲಿ ಏನೋ ಇದೆ ಎಂದು ಕಿವಿ ಹೇಳುತ್ತಿತ್ತು, ಏನು ಎಂದರೆ ಬಾಯಿ ಕಟ್ಟುತ್ತಿತ್ತು. ವರ್ಷಗಟ್ಟಲೆ ವಿಶೇಷಣ ಕೂಡಿಟ್ಟವನಿಗೆ ಬೇಕಾದ ಹೊತ್ತಿಗೆ ಒಂದೂ ಒದಗಲಿಲ್ಲ. ದನಿ ದುಂಡಗಿದೆ ಎಂದೆ. “ಹಳೇದರಾಗ ಚೌಕ ಇತ್ತೇನ್ರಿ?” ಎಂದಳು. ದನಿಯ ಸುತ್ತ ಗಾಳಿ ಆಡುತ್ತದೆ ಎಂದೆ. ಎದ್ದು ಹೋಗಿ ಕಿಟಕಿ ಮುಚ್ಚಿ, “ಈಗೂ ಆಡತೈತೇನು?” ಎಂದಳು. ಕೊನೆಗೆ ನಮ್ಮೂರ ಹಾಲಿನ ಸಿಹಿ ಕುಂದಾಕ್ಕೇ ಶರಣಾಗಿ, ಕುಂದಾ ಬಾಯಲ್ಲಿ ಕರಗಿದ ಹಾಗೆ ಎಂದೆ. “ಹಂಗಾದ್ರ ಕುಂದಾನ ತರ್ರಿ. ಜಾಗಾನೂ ಉಳೀತೈತಿ.”

ಅಷ್ಟರಲ್ಲಿ ಖಾನಾಪುರದಿಂದ ಅತ್ತೆ ಬಂದರು. ಕಣ್ಣಿನ ಪೊರೆಯ ಆಪರೇಷನ್ ಆಗಿ ಒಂದು ಕಣ್ಣಿಗೆ ಕಟ್ಟು ಹಾಕಿದ್ದರು, ಹದಿನೈದು ದಿನ ನಮ್ಮಲ್ಲೇ ಇರಬೇಕಿತ್ತು. ಅತ್ತೆ ಹಳೆಯ ಕಾಲದವರು. ಅಳಿಯನಿದ್ದ ಕೋಣೆಗೆ ಬರುವವರಲ್ಲ, ಅಳಿಯನೊಡನೆ ನೇರವಾಗಿ ಮಾತಾಡುವವರಲ್ಲ. ಹನ್ನೆರಡು ವರ್ಷಗಳಿಂದ ನಮ್ಮ ಮಾತುಕತೆಯೆಲ್ಲ ಸರೋಜಾಳ ಮೂಲಕವೇ. ನಾನು ಎದುರಿಗೇ ಕೂತಿದ್ದರೂ ಬಾಗಿಲ ಹಿಂದಿನಿಂದ, “ಇನ್ನೊಂದು ರೊಟ್ಟಿ ಬೇಕೇನು ಕೇಳವ್ವಾ ಅವರಿಗೆ,” ಎಂದು ಬರುತ್ತಿತ್ತು. ಇದರಲ್ಲಿ ಸಿಟ್ಟಿಲ್ಲ, ಮರ್ಯಾದೆಯಿದೆ. ಆದರೂ ಅಷ್ಟೊಂದು ಮರ್ಯಾದೆ ನನಗೆ ಒಮ್ಮೊಮ್ಮೆ ಬೇಸರ ತರಿಸುತ್ತಿತ್ತು.

ಅತ್ತೆಯ ಜೀವವೆಲ್ಲ ಊರಲ್ಲಿ ಬಿಟ್ಟುಬಂದ ನಾಲ್ಕು ಎಮ್ಮೆಗಳ ಮೇಲೆ. ಗೌರಿ ಬೇರೆಯವರ ಕೈಗೆ ಹಾಲು ಇಳಿಸುವುದಿಲ್ಲ ಎಂದು ದಿನಕ್ಕೆ ಹತ್ತು ಸಲ ಮಗಳಿಗೆ ಹೇಳುತ್ತಿದ್ದರು. ಕೇಳಿ ನನಗೂ ಕರುಳು ಚುರುಕ್ಕೆಂದಿತು. ಭಾನುವಾರ ಸಣ್ಣ ಟೇಪ್ ರೆಕಾರ್ಡರ್ ಹಿಡಿದು ಖಾನಾಪುರಕ್ಕೆ ಹೋದೆ. ಸಂಜೆ ಕಾಡಂಚಿನಿಂದ ಎಮ್ಮೆಗಳು ಮನೆಗೆ ಬರುವಾಗ ಅವುಗಳ ಗಂಟೆಯ ಸದ್ದನ್ನು ಕ್ಯಾಸೆಟ್ಟಿಗೆ ತುಂಬಿಕೊಂಡು ಬಂದೆ. ಎರಡೂ ಡಬ್ಬಿಗಳ ಪರೀಕ್ಷೆಗೂ ಆಯಿತು ಎಂಬ ಸ್ವಾರ್ಥವೂ ಅದರಲ್ಲಿ ಅರ್ಧ ಪಾಲು ಇತ್ತು ಎಂದು ಒಪ್ಪಿಕೊಂಡುಬಿಡುತ್ತೇನೆ.

ಮರುದಿನ ಸಂಜೆ ಮೊದಲು ಹಳೆಯದರಲ್ಲಿ ಹಾಕಿದೆ. ಅತ್ತೆ ಅಡುಗೆಮನೆಯ ಬಾಗಿಲ ಹಿಂದಿನಿಂದ, “ಗಂಟಿ ಸಪ್ಪಳಾ ಚಲೋ ಕೇಳಸಾಕತ್ತೈತಿ ಅನ್ನು,” ಎಂದು ಮಗಳಿಗೆ ಹೇಳಿದರು. ಬೀಗರ ಮನೆಯ ಪಾಯಸವನ್ನು ಹೊಗಳಿದ ಹಾಗಿತ್ತು. ತಂತಿ ಬದಲಿಸಿ ಈರಣ್ಣನ ಡಬ್ಬಿಗೆ ಜೋಡಿಸಿದೆ. ಗಂಟೆಗಳು ಮತ್ತೆ ಬಂದವು. ಅರ್ಧ ನಿಮಿಷವಾಗಿರಬೇಕು, ತಿರುಗಿ ನೋಡಿದರೆ ಅತ್ತೆ ಪಡಸಾಲೆಯಲ್ಲಿ ನಿಂತಿದ್ದರು. ತಲೆಯ ಮೇಲಿನ ಸೆರಗು ಜಾರಿದ್ದೂ ಅವರಿಗೆ ತಿಳಿದಿರಲಿಲ್ಲ. ಗೋಡೆ ಹಿಡಿದು ಬಂದು ಸ್ಪೀಕರಿನ ಮುಂದೆ ನೆಲದ ಮೇಲೆ ಕೂತರು.

“ಇದು ಚಂದ್ರಿ. ಇದು ಕರಿ. ಸಣ್ಣದು ಅದರ ಬಾಜೂಕ,” ಎಂದು ಬೆರಳು ಮಡಚಿದರು. ಆಮೇಲೆ ನನ್ನ ಕಡೆ ತಿರುಗಿದರು. “ಅಳಿಯಾರ, ಗೌರಿ ಯಾಕ ಹಿಂದ ಉಳದಾಳ್ರಿ? ಕಾಲ ಎಳದ ಹಾಕಾಕತ್ತಾಳ. ನಮ್ಮ ಹುಡುಗಗ ನೋಡಾಕ ಹೇಳ್ರಿ.”

ಹನ್ನೆರಡು ವರ್ಷಗಳಲ್ಲಿ ಅತ್ತೆ ನನಗೆಂದೇ ಆಡಿದ ಮೊದಲ ಮಾತು. ನನ್ನ ಕಣ್ಣು ತುಂಬಿ ಬಂತು. ಫೋನು ಹಚ್ಚಿದವಳು ಸರೋಜಾ. ಅವಳ ತಮ್ಮ ಮೊದಲು ನಕ್ಕನಂತೆ, ಆಮೇಲೆ ಕೊಟ್ಟಿಗೆಗೆ ಹೋಗಿ ಬಂದು, “ಖರೇ ಐತಿ ಅಕ್ಕಾ, ಹಿಂದಿನ ಗೊರಸಿನ್ಯಾಗ ಮುಳ್ಳ ಮುರದೈತಿ,” ಎಂದನಂತೆ.

ಆದರೂ ನನ್ನೊಳಗಿನ ಪರೀಕ್ಷಕ ಗೊಣಗಿದ. ಎರಡನೆಯ ಸಲ ಕೇಳಿದ್ದಕ್ಕೆ ತಿಳಿದಿರಬಹುದು, ನಿನ್ನ ಕೈಯೇ ವಾಲ್ಯೂಮನ್ನು ಕೂದಲೆಳೆಯಷ್ಟು ಏರಿಸಿರಬಹುದು ಎಂದ. ಮಾರನೆಯ ದಿನ ಯಾರಿಗೂ ಹೇಳದೆ ಹಳೆಯದಕ್ಕೇ ತಂತಿ ಜೋಡಿಸಿದೆ. ಅತ್ತೆ ಎದ್ದು ಬರಲಿಲ್ಲ. ಒಳಗಿನಿಂದಲೇ ಮಗಳಿಗೆ ಹೇಳಿದರು: “ಇವತ್ತ ಎಮ್ಮಿ ಹೊರಗ ನಿಂತಾವು, ಒಳಗ ಬರವಲ್ಲವು ಅನ್ನು.”

ಸರೋಜಾ ನನ್ನ ಮುಖ ನೋಡಿದಳು. ಷೋಕೇಸಿನಿಂದ ನೀಲಿ ದೀಪದ ಮದುವೆ ಗಂಡನ್ನು ಇಳಿಸಿ, ಧೂಳು ಒರೆಸಿ, ಅಟ್ಟಕ್ಕೇರಿಸಿದಳು.

ಅಮಾವಾಸ್ಯೆಯಂದು ಬರಿಗೈಯಲ್ಲಿ ವಡಗಾವಿಗೆ ಹೋದೆ. ಓಣಿ ನಿಶ್ಶಬ್ದವಾಗಿತ್ತು. “ದನಿ ಹೆಂಗೈತ್ರಿ, ಸರ?” ಎಂದ ಈರಣ್ಣ. ನಮ್ಮ ಅತ್ತೆ ಅಡುಗೆಮನೆಯಿಂದ ಹೊರಗೆ ಬಂದರು ಎಂದೆ. ಅವನೂ ಅತ್ತೆಯಿದ್ದ ಮನೆಯ ಅಳಿಯ. “ಹಂಗಾರ ಮುಗೀತು ಬಿಡ್ರಿ, ಅದು ನಿಮ್ಮ ಮನೀದು,” ಎಂದ. ನೋಟುಬುಕ್ಕಿನಲ್ಲಿಯೂ ‘ಅತ್ತೆ ಹೊರಗೆ ಬಂದರು’ ಎಂದು ಅದೊಂದೇ ಸಾಲು ಬರೆದೆ, ವಿಶೇಷಣವಿಲ್ಲದೆ.

ಅತ್ತೆ ಈಗ ನಮ್ಮಲ್ಲಿಗೆ ಬಂದರೆ ನನ್ನೊಡನೆ ನೇರವಾಗಿಯೇ ಮಾತಾಡುತ್ತಾರೆ. ನಾನು ಅಂಪ್ಲಿಫೈಯರ್ ಹಚ್ಚಿ ಕೂತಾಗೆಲ್ಲ ಪಡಸಾಲೆಗೇ ಬಂದು ಹೇಳುವ ಮಾತು ಇದು: “ಅಳಿಯಾರ, ತುಸು ಸಣ್ಣಗ ಇಡ್ರಿ.”