ಕೆಳಗಿನ ಊರಿಗೆ ಬಿಟ್ಟ ನೀರು

ನೀರಿಗಾಗಿ ಐಮಂಗಲದ ಹತ್ತಿರ ಹೆದ್ದಾರಿಯಲ್ಲಿ ಖಾಲಿ ಕೊಡ ಇಟ್ಟುಕೊಂಡು ಕೂತವರಲ್ಲಿ ನಾನೂ ಒಬ್ಬಳು. ಪೊಲೀಸರು ಗದರಿದರೂ ನಾವು ಹೆಂಗಸರು ಎದ್ದಿರಲಿಲ್ಲ. ಕೊನೆಗೂ ನಮ್ಮ ಕೆರೆಗೆ ಕಾಲುವೆ ನೀರು ಬಂತು. ಅಂಥವಳು ಹೋದ ವರ್ಷ ಊರ ಸಭೆಯಲ್ಲಿ ಎದ್ದು "ತೂಬು ಎತ್ತಿ ನೀರು ಬಿಡ್ರಿ" ಅಂದರೆ ಜನ ಸುಮ್ಮನಿರುತ್ತಾರೆಯೇ?

ಕಾರಣ ಇತ್ತು. ಪ್ರತಿ ವರ್ಷ ದಸರಾ ಮುಗಿದ ಮೇಲೆ ನಮ್ಮ ಕೆರೆಯಂಚಿನ ಕೆಸರಿಗೆ ಪುಟ್ಟ ಹಕ್ಕಿಗಳ ಹಿಂಡು ಇಳಿಯುತ್ತಿತ್ತು. ಕಡ್ಡಿಯಂಥ ಕಾಲು, ದಬ್ಬಣದಂಥ ಕೊಕ್ಕು. ಹಿಮಾಲಯದಾಚೆಯಿಂದ ಬಂದು, ಇಲ್ಲಿ ಹುಳ ಹೆಕ್ಕಿ ದಣಿವಾರಿಸಿಕೊಂಡು, ಮುಂದೆ ಕಡಲ ದಂಡೆಗೆ ಹೋಗುತ್ತವೆ ಎಂದು ಹಿರಿಯೂರಿನಿಂದ ಹಕ್ಕಿ ನೋಡಲು ಬರುವ ಮೇಷ್ಟ್ರು ಹೇಳಿದ್ದರು. ಕಾಲುವೆ ನೀರಿನಿಂದ ಕೆರೆ ತುಂಬಿ ತುಳುಕಿದ ಮೊದಲ ವರ್ಷ ನಾವೆಲ್ಲ ಕುಣಿದಾಡಿದೆವು. ಹಕ್ಕಿಗಳು ಮಾತ್ರ ಎರಡು ಸುತ್ತು ಹಾಕಿ, ಕಾಲೂರಲು ಕೆಸರಿಲ್ಲದೆ ಹೊರಟೇ ಹೋದವು. ಬರದ ಸೀಮೆಯವರು ನಾವು, ನೀರು ಹೆಚ್ಚಾಗುವುದೂ ಉಂಟೆಂದು ನಮಗೆ ಹೊಳೆಯುವುದಾದರೂ ಹೇಗೆ? ಮರುವರ್ಷವೂ ಕೆರೆ ಹಾಗೇ ತುಂಬಿದಾಗ ನಾನು ಸಭೆಯಲ್ಲಿ ಎದ್ದು ನಿಂತೆ.

ಮೊದಲು ನನ್ನ ಮೇಲೆ ಹರಿಹಾಯ್ದವರು ನನ್ನ ಗಂಡನ ಅಣ್ಣ.

"ರೋಡಿಗೆ ಕುಂತು ನೀರು ತಂದೋಳು ನೀನೇ ಅಲ್ವೇನವ್ವ? ಈಗ ಬಿಡು ಅಂತೀಯ! ಬಿಟ್ರೆ ಅದು ಹೋಗೋದು ನಿನ್ನ ತೌರಿಗೆ."

ನಿಜ. ನಮ್ಮ ಕೆರೆ ಬಿಟ್ಟ ನೀರು ಸೇರುವುದು ಕೆಳಗಿನ ಊರಿನ ಕೆರೆಯನ್ನು, ಅದೇ ನನ್ನ ತೌರು. ಎರಡೂ ಊರಿಗೆ ನೀರಿನ ಜಗಳ ಅಜ್ಜಂದಿರ ಕಾಲದ್ದು. ಇವರು ಅಲ್ಲಿಂದ ಹೆಣ್ಣು ತಂದಾರು, ಅಲ್ಲಿಗೆ ನೀರು ಕೊಟ್ಟವರಲ್ಲ.

ನನಗೂ ಸಿಟ್ಟು ಬಂತು. "ಮುದ್ದೆ ಇಲ್ದಿರೋ ತಟ್ಟೆಗೆ ಸಾರು ತುಂಬ್ದಂಗೆ ಆಗೈತೆ ಭಾವ. ಬರೀ ಸಾರು ಕುಡ್ದು ಆ ಹಕ್ಕಿಗಳು ಕಡಲ್ ತಂಕ ಹಾರಕ್ಕಾಗ್ತೈತಾ? ಒಂದು ಮೊಳ ಇಳಿಸ್ರಿ, ಸಾಕು. ನಾಳೆ ನೀರು ಸಾಲ್ದೆ ಹೋದ್ರೆ ಮೊದ್ಲು ನನ್ನ ಈರುಳ್ಳಿಗೇ ನಿಲ್ಸಿ!"

ಆ ವರ್ಷ ನಮ್ಮ ಬದುಕೆಲ್ಲ ಆ ಈರುಳ್ಳಿಯ ಮೇಲೇ ನಿಂತಿದ್ದುದು ಎಲ್ಲರಿಗೂ ಗೊತ್ತಿತ್ತು. "ಹಾಳಾಗಿ ಹೋಗ್ಲಿ, ಒಂದು ಮೊಳ ಅಷ್ಟೇ" ಎಂದು ಭಾವ ಎದ್ದರು.

ತೂಬು ಎತ್ತಿದ ಮಧ್ಯಾಹ್ನವೇ ನನ್ನ ಅಣ್ಣ ತನ್ನೂರಿನವರ ಜೊತೆ ಟ್ರ್ಯಾಕ್ಟರಿನಲ್ಲಿ ಮರಳಿನ ಚೀಲ ಹೇರಿಕೊಂಡು ಓಡಿ ಬಂದ. "ಏರಿ ಒಡೀತೇನ್ರಪ್ಪೋ?" ಈ ಊರು ಬೇಕೆಂದೇ ನೀರು ಬಿಟ್ಟೀತೆಂದು ಅವರಿಗೆ ಕನಸಿನಲ್ಲೂ ಹೊಳೆದಿರಲಿಲ್ಲ! ಹಕ್ಕಿಗಾಗಿ ಬಿಟ್ಟೆವು ಎಂದರೆ, ಇದರಲ್ಲೇನೋ ಮಸಲತ್ತಿದೆ ಎನ್ನುವಂತೆ ಮುಖ ಮುಖ ನೋಡಿಕೊಂಡು ಹೋದರು.

ಕೆಸರು ಕಾಣಿಸಿತು, ಹಕ್ಕಿ ಬರಲಿಲ್ಲ. "ಎಲ್ಲವ್ವ ನಿನ್ನ ಹಕ್ಕಿ?" ಎಂದು ಭಾವ ದಿನವೂ ಕೆಣಕುವರು. ಈರುಳ್ಳಿ ಒಣಗಿದರೆ ಹೇಗೋ ತಡೆದುಕೊಂಡೇನು, ತೌರಿಗಾಗಿ ಊರಿಗೆ ಮೋಸ ಮಾಡಿದವಳು ಅನ್ನಿಸಿಕೊಂಡು ಬದುಕುವುದು ಹೇಗೆ?

ಒಂದು ಬೆಳಿಗ್ಗೆ ಹೊಲದಲ್ಲಿ ಕಳೆ ಕೀಳುತ್ತಿದ್ದೆ. ತಲೆಯ ಮೇಲೆ ಕೀಚು ಕೀಚು ಸದ್ದು. ಕಿತ್ತ ಕಳೆಯನ್ನು ಅಲ್ಲೇ ಬಿಸಾಕಿ ಏರಿ ಹತ್ತಿದೆ. ಅಬ್ಬಾ, ಕೆಸರ ತುಂಬ ಹಕ್ಕಿ! ತಲೆ ಎತ್ತಲೂ ಪುರುಸೊತ್ತಿಲ್ಲದೆ ಮೇಯುತ್ತಿದ್ದವು. ಕಾಲುವೆ ನೀರು ಬಂದ ದಿನವೂ ಈ ಊರಿನ ಬಗ್ಗೆ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ಭಾವ ನನಗಿಂತ ಮುಂಚೆಯೇ ಬಂದು, ಏರಿಯ ಮೇಲೆ ನಿಂತು ಮೊಬೈಲಿನಲ್ಲಿ ಮಾತಾಡುತ್ತಿದ್ದರು. ಆ ಕಡೆ ಇದ್ದದ್ದು ನನ್ನ ಅಣ್ಣ.

"ಇಳಿದಾವೆ ಕಣ್ರಿ! ನಿಮ್ಮೂರೋರ್ನೆಲ್ಲ ಕರ್ಕಂಡು ಬರ್ರಿ. ನಮ್ಮನೆ ಹೆಣ್ಮಗಳು ಏನ್ ಮಾಡವಳೆ, ನೋಡ್ಕಂಡು ಹೋಗೀರಂತೆ."