ಗೋರೆಗಾಂವ್‌ಗೆ ಮುಟ್ಟದ ಮಾತು

1996ರಲ್ಲಿ, ಎಂಟನೇ ಇಯತ್ತೆಯ ನಡುವೆಯೇ ನಾನು ಶಾಲೆ ಬಿಟ್ಟೆ. ವಿಜಯಪುರದಿಂದ ಮುಂಬೈಗೆ ಬಂದು, ಟೆಲಿಫೋನ್ ವೈರ್ ಎಳೆಯುವವನೊಬ್ಬನ ಹಿಂದೆ ಏಣಿ ಹೊತ್ತೆ. ಆಮೇಲೆ ಏಣಿಯೂ ನನ್ನದಾಯಿತು, ಗಿರಾಕಿಗಳೂ ನನ್ನವರಾದರು. ನಾನು ಹಾಕಿದ ಲೈನು ಕೆಟ್ಟಿದೆ ಎಂದು ಯಾರಾದರೂ ಅಂದರೆ ಇಂದಿಗೂ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ.

ದಾದರ್‌ನಲ್ಲಿ ಹೋಟೆಲು ನಡೆಸುವ ಉಡುಪಿಯ ಶೇಠ್‌ಗೆ ಅಂಧೇರಿಯಲ್ಲೊಂದು, ಗೋರೆಗಾಂವ್‌ನಲ್ಲೊಂದು ಶಾಖೆ ಇವೆ. ಅವತ್ತಿನ ತಿಂಡಿ ಏನು, ಯಾರಿಗೆ ಬೈಗುಳ ಎಂಬುದನ್ನೆಲ್ಲ ಅವರು ಬೆಳಿಗ್ಗೆ ಒಮ್ಮೆ ಫೋನಿನಲ್ಲಿ ಹೇಳಿಡಬೇಕು. ಅದು ಎರಡೂ ಕಡೆಯ, ಮಾತು ಹಿಡಿದಿಡುವ ಮಷೀನಿಗೆ ಹೋಗಿ ಕೂರಬೇಕು.

"ಮೊಬೈಲ್ ಗ್ರೂಪ್ ಬೇಡ ಮಾರಾಯ. ಗುಡ್ ಮಾರ್ನಿಂಗ್ ಹೂವಿನ ಅಡಿ ನನ್ನ ಮಾತು ಹೂತುಹೋಗ್ತದೆ. ಇದು ಸರಿ ಮಾಡಿ ಕೊಡು, ಠಾಣೆ, ಬೋರಿವಲಿಯ ಹೊಸ ಹೋಟೆಲಿನ ಲೈನೂ ನಿನಗೇ."

ಅಂಧೇರಿಗೆ ಇಂಟರ್‌ನೆಟ್ ಇತ್ತು. ಮಾತು ಕಟ್ಟಿದ ಪಾರ್ಸೆಲ್ಲಿನಂತೆ ಹೋಗಿ ಬೀಳುತ್ತಿತ್ತು. ಗೋರೆಗಾಂವ್‌ನ ಬಿಲ್ಡಿಂಗಿನಲ್ಲಿ ಗೋಡೆ ಕೊರೆಯಲು ಸೊಸೈಟಿ ಬಿಡಲಿಲ್ಲ. ಹಳೆಯ ತಾಮ್ರದ ಲೈನೇ ಗತಿ. ಅದರಲ್ಲಿ ಒಂದು ಮಷೀನು ಇನ್ನೊಂದಕ್ಕೆ ಮಾತನ್ನು ಕೇಳಿಸುತ್ತದೆ, ಮುಗಿದಾಗ 'ಟೀಂ' ಎನ್ನುತ್ತದೆ, ಆ ಸದ್ದಿಗೆ ಆಚೆಯದು ರೆಕಾರ್ಡು ನಿಲ್ಲಿಸುತ್ತದೆ. ಎರಡನ್ನೂ ಜೋಡಿಸಿ, ಎದೆಯುಬ್ಬಿಸಿ ಮನೆಗೆ ಬಂದೆ.

ವಾರದಲ್ಲೇ ಶೇಠ್ ಫೋನು. "ಎಂತ ಮಾರಾಯ ನಿನ್ನ ಕೆಲಸ? ನಾನು ಉಪ್ಪಿಟ್ಟು ಹೇಳಿದ್ರೆ ಗೋರೆಗಾಂವ್‌ನಲ್ಲಿ ಬನ್ಸ್ ಕರೀತಾ ಉಂಟು! ಶನಿವಾರದೊಳಗೆ ಸರಿ ಆಗದಿದ್ರೆ ಹೊಸ ಹೋಟೆಲಿಗೆ ಬೇರೆಯವ ಬರ್ತಾನೆ."

ಗೋರೆಗಾಂವ್ ನೋಡಿಕೊಳ್ಳುವವರು ಶೇಠ್‌ರ ಹೆಂಡತಿಯ ತಮ್ಮ. ನಾನು ಹೋದಾಗ ಮಷೀನು ಒತ್ತಿ ಕೇಳಿಸಿದರು. ಪೂಜೆಯ ಗಂಟೆ ಎರಡು ಸಲ. ಆಮೇಲೆ ಏನೂ ಇಲ್ಲ.

"ದಿನಾ ಇಷ್ಟೇ ಏನ್ರೀ?"

"ಇಷ್ಟೇ. ಗಂಟೆ ಕೇಳಿದ ಕೂಡ್ಲೇ ಕೈ ಮುಗಿತೇನೆ. ಭಾವನ ಬೈಗುಳ ಬರೂದಿಲ್ಲ, ಅದೇ ಪ್ರಸಾದ! ನೀವು ರಿಪೇರಿ ಮಾಡ್ಬೇಡಿ ಭಾಯಿ, ಬನ್ಸ್ ತಿನ್ನಿ."

ಬನ್ಸ್ ಚೆನ್ನಾಗಿತ್ತು. ತಿಂದು ಮರುದಿನ ಬೆಳಿಗ್ಗೆ ದಾದರ್‌ಗೆ ಹೋದೆ. ಶೇಠ್ ರಿಸೀವರ್ ಎತ್ತಿ, ರೆಕಾರ್ಡಿನ ಗುಂಡಿ ಒತ್ತಿ, ಅದನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಗಲ್ಲಾದ ಮೇಲಿನ ದೇವರಿಗೆ ಆರತಿ ಎತ್ತಿ ಗಂಟೆ ಬಾರಿಸಿದರು. ಮಾತು ಆಮೇಲೆ. ಗಂಟೆಯನ್ನೇ 'ಟೀಂ' ಎಂದು ತಿಳಿದು ಗೋರೆಗಾಂವ್‌ನ ಮಷೀನು ಬಾಗಿಲು ಹಾಕಿಕೊಳ್ಳುತ್ತಿತ್ತು.

"ಶೇಠ್, ಗಂಟಿ ಬಾರ್ಸಿ ಆಮ್ಯಾಲೆ ಫೋನ್ ಎತ್ರಲ್ಲ."

"ದೇವರ ಗಂಟೆ ಕೇಳದೆ ನನ್ನ ಜನ ಒಲೆ ಹಚ್ಚೂದಾ? ಗಂಟೆ ಇರ್ತದೆ. ನಿನ್ನ ಲೈನು ಬೇಕಾದ್ರೆ ಬದಲಾಗಲಿ."

ಬದಲಾಯಿಸಿದೆ. ಗೋರೆಗಾಂವ್‌ನ ಕಿಟಕಿಯಲ್ಲಿ ಸಿಮ್ ಹಾಕುವ ರೂಟರ್ ಇಟ್ಟು, ಮಾತು ಅಲ್ಲಿಗೂ ಪಾರ್ಸೆಲ್ಲಾಗಿ ಹೋಗುವಂತೆ ಮಾಡಿದೆ. ನೆಟ್ ಬಿದ್ದರೆ ಮಾತ್ರ ತಾಮ್ರದ ಲೈನು. ಮೊದಲ ಬೆಳಿಗ್ಗೆ ಗಂಟೆಯ ಹಿಂದೆಯೇ ಬೈಗುಳ ಪೂರ್ತಿ ಬಂತು. ಭಾವಮೈದುನರ ಮುಖ ಹುಳಿ ಮಜ್ಜಿಗೆಯಾಯಿತು.

ಶುಕ್ರವಾರ ಗೋರೆಗಾಂವ್‌ಗೆ ಮತ್ತೆ ಬರೀ ಗಂಟೆ. ಓಡಿಹೋದೆ. ನೋಡಿದರೆ ರೂಟರ್ ಮೇಲೆ ದೊಡ್ಡ ಸ್ಟೀಲಿನ ಇಡ್ಲಿ ಪಾತ್ರೆ ಕವುಚಿ ಕೂತಿದೆ, ಸಿಗ್ನಲ್ ಸತ್ತಿದೆ.

"ಧೂಳು ಬೀಳಬಾರದಂತ ಮುಚ್ಚಿದ್ದು" ಎಂದರು ಭಾವಮೈದುನ, ನನ್ನ ಕಣ್ಣು ತಪ್ಪಿಸಿ.

"ಪಾತ್ರಿ ತಗೀರಿ. ನಾಳಿ ಶನಿವಾರ. ನಿಮ್ಮ ಬನ್ಸಿನ ಸಲುವಾಗಿ ನನ್ನ ಎರಡು ಹೋಟೆಲ್ ಹೋಗ್ತಾವ."

"ವಾರಕ್ಕೊಂದು ದಿನವಾದ್ರೂ ಬಿಡಿ ಭಾಯಿ. ಗಿರಾಕಿಗಳು ಬನ್ಸ್ ಕೇಳ್ತಾರೆ, ದೇವರಾಣೆ."

ಯೋಚಿಸಿದೆ. ಭಾನುವಾರ ನನಗೆ ರಜೆ. ರಜೆಯ ದಿನ ಯಾರ ರೂಟರ್ ಮೇಲೆ ಯಾವ ಪಾತ್ರೆ ಇದೆ ಎಂದು ನೋಡುವುದು ನನ್ನ ಕೆಲಸವಲ್ಲ. ಹಾಗೆಂದು ಹೇಳಿ, ಪಾತ್ರೆಯನ್ನು ನಾನೇ ಎತ್ತಿ ಒಳಗಿಟ್ಟು ಬಂದೆ. ಶನಿವಾರ ಗೋರೆಗಾಂವ್‌ನಲ್ಲಿ ಶೇಠ್ ಹೇಳಿದಂತೆ ಉಪ್ಪಿಟ್ಟೇ ಆಯಿತು. ಸಂಜೆ ಅವರು ಠಾಣೆಯ ಹೊಸ ಹೋಟೆಲಿನ ಬೀಗದಕೈ ನನ್ನ ಕೈಗಿಟ್ಟರು.

ಈಗ ನನ್ನ ಹತ್ತಿರ ಐದು ಹೋಟೆಲಿನ ಲೈನುಗಳಿವೆ, ಎರಡು ಏಣಿ, ಒಂದು ಸ್ಕೂಟರ್. ಭಾನುವಾರ ಗೋರೆಗಾಂವ್‌ನಲ್ಲಿ ಎರಡು ಬನ್ಸ್.