ಕೊಟ್ರಬಸಮ್ಮ ಕುದಿಸಿದ ಕತ್ತರಿ

ಕೊಟ್ರಬಸಮ್ಮ ಬಾದನಹಟ್ಟಿಯವಳು. ಹದಿನೇಳಕ್ಕೇ ಗಂಡ ತೀರಿಕೊಂಡ. ಅಣ್ಣ ಮರಿಬಸಪ್ಪನ ಮನೆಯಲ್ಲಿ ರೊಟ್ಟಿ ಬಡಿಯುತ್ತ ಎರಡು ವರ್ಷ ಕಳೆದಳು. ಆಗ ನಮ್ಮ ಬಳ್ಳಾರಿ ಮದ್ರಾಸಿಗೆ ಸೇರಿತ್ತು. ಹಳ್ಳಿಗಳಲ್ಲಿ ಬಾಣಂತಿಯರು, ಕೂಸುಗಳು ಸಾಯುವುದು ಹೆಚ್ಚಾಗಿದೆ ಎಂದು ಸರ್ಕಾರದವರು ಅಕ್ಷರ ಬಲ್ಲ ಹೆಣ್ಣುಮಕ್ಕಳನ್ನು ಹುಡುಕಿ ಹೆರಿಗೆ ಕೆಲಸ ಕಲಿಸುತ್ತಿದ್ದರು. ಇವಳು ತಾನೇ ಹೋಗಿ ಹೆಸರು ಕೊಟ್ಟು ಬಂದಳು. ಹೊಲಸು ಮುಟ್ಟುವ ಕೆಲಸಕ್ಕೆ ಹೋದರೆ ನಮ್ಮ ಒಲೆಯ ಹತ್ತಿರ ಬರಬೇಡ ಎಂದನಂತೆ ಅಣ್ಣ.

"ಲಿಂಗ ಕಟ್ಟಿದೋರಿಗೆ ಸೂತಕ ಎಲ್ಲೈತೋ ಅಣ್ಣಾ?" ಎಂದು ಕೇಳಿ, ಟ್ರಂಕು ಎತ್ತಿಕೊಂಡು ಹೊರಟಳಂತೆ.

ಬಳ್ಳಾರಿಯಲ್ಲಿ ಒಂದೂವರೆ ವರ್ಷ ಕಲಿತಳು. ಆಮೇಲೆ ಕುರುಗೋಡಿಗೆ ಹಾಕಿದರು. ಒಂದು ವರ್ಷ ಕೆಲಸ ನೋಡಿ ಮದ್ರಾಸಿನ ಪಟ್ಟಿಗೆ ಹೆಸರು ಕಳಿಸುತ್ತಾರೆ, ಪಟ್ಟಿಗೆ ಸೇರಿದರೆ ಖಾಯಂ ನರ್ಸು. ಅವಳಿಗೆ ಅದೊಂದೇ ಧ್ಯಾನ. ನೀರಿಗೆ ಹೋದಲ್ಲೂ ಅದೇ ಮಾತು.

ಸಾವಿರದ ಒಂಬೈನೂರ ಐವತ್ತರಲ್ಲಿ ನನಗೆ ಚೊಚ್ಚಲು. ತವರಿನಲ್ಲಿ ತಾಯಿ ಇರಲಿಲ್ಲ, ಅದಕ್ಕೆ ಕುರುಗೋಡಿನ ಗಂಡನ ಮನೆಯಲ್ಲೇ ಹೆರಿಗೆಯಾಯಿತು. ಕೊಟ್ರಬಸಮ್ಮ ನನ್ನ ಕಣ್ಣೆದುರೇ ಕತ್ತರಿ, ದಾರ ಎರಡನ್ನೂ ಒಲೆಯ ಮೇಲೆ ಕುದಿಸಿದಳು. ಗಂಡುಕೂಸು. ಹೊಕ್ಕಳಿಗೆ ಬಿಳಿ ಬಟ್ಟೆ ಕಟ್ಟಿ, ನಮ್ಮ ಅತ್ತೆ ಗಂಗಕ್ಕನನ್ನು ಕೂರಿಸಿಕೊಂಡು ಹೇಳಿದಳು: ಸೆಗಣಿ, ಅರಿಸಿನ, ಹರಳೆಣ್ಣೆ, ಸುಟ್ಟ ಅರಿವೆಯ ಬೂದಿ, ಇವು ಯಾವುವೂ ಹೊಕ್ಕಳಿಗೆ ತಾಕಬಾರದು. ಅತ್ತೆಯ ಬಾಯಿಂದ ಎರಡು ಸಲ ಹೇಳಿಸಿದಳು. ಅತ್ತೆ ಒಂದನ್ನೂ ಮೀರಲಿಲ್ಲ.

ಮೂರನೇ ದಿನ ಮಠದ ಅಯ್ಯನವರು ಬಂದು ಕೂಸಿನ ಹಣೆಗೆ ವಿಭೂತಿ ಹಚ್ಚಿ, ಒಂದು ಗಟ್ಟಿ ಬಿಟ್ಟುಹೋದರು. ಅತ್ತೆ ಬಟ್ಟೆ ಬಿಚ್ಚಿ ಅದನ್ನೇ ಹೊಕ್ಕಳಿಗೂ ತೇಯ್ದು ಹಚ್ಚಿದಳು. ನಾನು ನೋಡುತ್ತಲೇ ಮಲಗಿದ್ದೆ. ನನಗೂ ತಪ್ಪೆನಿಸಲಿಲ್ಲ. ವಿಭೂತಿಯನ್ನು ಬೂದಿ ಎಂದವರು ನಮ್ಮಲ್ಲಿ ಯಾರಿದ್ದರು? ಕೊಟ್ರಬಸಮ್ಮನೂ ದಿನಾ ಮೂರು ಬೆರಳು ಹಚ್ಚಿಕೊಂಡೇ ಕೆಲಸಕ್ಕೆ ಬರುತ್ತಿದ್ದಳು. ಹಚ್ಚಬಾರದ್ದನ್ನು ಹೇಳುವಾಗ ಅವಳಿಗೂ ಅದು ನೆನಪಾಗಿರಲಿಲ್ಲ.

ಎಂಟನೇ ದಿನ ಕೂಸು ಮೊಲೆ ಹಿಡಿಯಲಿಲ್ಲ. ದವಡೆ ಕಚ್ಚಿಕೊಂಡಿತ್ತು, ಮೈ ಹಿಂದಕ್ಕೆ ಬಾಗುತ್ತಿತ್ತು. ಕೊಟ್ರಬಸಮ್ಮ ಓಡಿ ಬಂದು ಬಟ್ಟೆ ಬಿಚ್ಚಿದಳು. ಹೊಕ್ಕಳ ಮಡಿಕೆಯಲ್ಲಿ ಬಿಳಿ ಪುಡಿ ಇತ್ತು. ಬೆರಳಿನಿಂದ ಮುಟ್ಟಿ ನೋಡಿ ನನ್ನ ಮುಖ ನೋಡಿದಳು. ಬಂಡಿ ಕಟ್ಟಿಕೊಂಡು ಬಳ್ಳಾರಿಗೆ ಹೊರಟೆವು. ದಾರಿಯಲ್ಲೇ ಹೋಯಿತು.

ನರ್ಸಮ್ಮನ ಕತ್ತರಿಯ ನಂಜು ಏರಿತು ಎಂದು ಊರೆಲ್ಲ ಸುದ್ದಿಯಾಯಿತು. ವಿಚಾರಣೆಗೆ ಬಳ್ಳಾರಿಯಿಂದ ಡಾಕ್ಟರಮ್ಮ ಬಂದರು. ಹೊಕ್ಕಳಿಗೆ ಏನಾದರೂ ಹಚ್ಚಿದಿರಾ ಎಂದು ನನ್ನನ್ನೇ ಕೇಳಿದರು. ಬಾಗಿಲಲ್ಲಿ ಅತ್ತೆ ಸೆರಗು ಹೊದ್ದು ನಿಂತಿದ್ದಳು. ಮೊಮ್ಮಗನನ್ನು ಕಳೆದುಕೊಂಡು ಎರಡು ದಿನದಿಂದ ಕೂಳು ಮುಟ್ಟಿರಲಿಲ್ಲ.

"ಏನೂ ಹಚ್ಚಿಲ್ರಿ" ಎಂದೆ.

ಡಾಕ್ಟರಮ್ಮ ಕೊಟ್ರಬಸಮ್ಮನ ಕಡೆ ತಿರುಗಿದರು. ಅವಳು ಹೇಳಿದ್ದು ಇಷ್ಟೇ: "ಕತ್ತರಿ ಕುದಿಸೀನ್ರಿ. ದಾರಾನೂ ಕುದಿಸೀನ್ರಿ."

ಅವಳ ಹೆಸರು ಮದ್ರಾಸಿಗೆ ಹೋಗಲಿಲ್ಲ. ಬೇಕಾದರೆ ಸಿರುಗುಪ್ಪದ ಆಸ್ಪತ್ರೆಯಲ್ಲಿ ಆಯಾ ಆಗಿ ಇರು ಎಂದರಂತೆ. ಅಣ್ಣನ ಮನೆಗೆ ತಿರುಗಿ ಹೋಗುವ ಹಾಗಿರಲಿಲ್ಲ. ಸಿರುಗುಪ್ಪಕ್ಕೇ ಹೋದಳು.

ಎರಡು ವರ್ಷಕ್ಕೆ ನನ್ನ ಗಂಡನಿಗೆ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಕೆಲಸ ಸಿಕ್ಕಿತು. ಅತ್ತೆ ಕುರುಗೋಡಿನಲ್ಲೇ ಉಳಿದಳು. ನನ್ನ ಎರಡನೇ ಹೆರಿಗೆ ಆ ಆಸ್ಪತ್ರೆಯಲ್ಲೇ ಆಯಿತು. ಹೆರಿಗೆ ಮಾಡಿಸಿದವಳು ಹೊಸ ನರ್ಸು, ಚಿಕ್ಕ ಹುಡುಗಿ. ಅವಳಿಗೆ ಏನು ಮಾಡಬೇಕೆಂದು ಕೊಟ್ರಬಸಮ್ಮ ನನ್ನ ತಲೆಯ ಬಳಿ ನಿಂತು ಮೆಲ್ಲಗೆ ಹೇಳಿಕೊಡುತ್ತಿದ್ದಳು. ಎಲ್ಲ ಮುಗಿದ ಮೇಲೆ ನನ್ನ ರಕ್ತದ ಬಟ್ಟೆಗಳನ್ನು ಒಗೆಯುವುದಕ್ಕೆ ಬಾವಿಯ ಹತ್ತಿರ ಹೊತ್ತುಕೊಂಡು ಹೋದಳು. ಅದನ್ನು ನೋಡಿ ಮಲಗಲು ನನ್ನಿಂದಾಗಲಿಲ್ಲ.

ಮಾರನೆಯ ದಿನ ಅವಳ ಕೈ ಹಿಡಿದುಕೊಂಡು, ಅವತ್ತು ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ.

"ವಿಭೂತಿಯಿಂದ ಕೂಸು ಸತ್ತೈತಿ ಅಂದಿದ್ರ ಕುರುಗೋಡಾಗ ಯಾರ ಮನಿಯಾಗ ನನ್ನ ಕರೀತಿದ್ರು ಯಮ್ಮಾ? ನೀ ಹೇಳಿದ್ರ ಬ್ಯಾರೆ ಇತ್ತು. ನೀ ಹಡದಾಕಿ. ಕೂಸು ಕಳಕೊಂಡಾಕಿನ್ನ ಸುಳ್ಳಿ ಅನ್ನಾಕ ನನಗ ಮನಸ್ಸು ಬರ್ಲಿಲ್ಲ."

ಬಾಣಂತನ ಮುಗಿದ ಮೇಲೆ ಗಂಡನನ್ನು ಕರೆದುಕೊಂಡು ಬಳ್ಳಾರಿಗೆ ಹೋಗಿ ಡಾಕ್ಟರಮ್ಮನ ಮುಂದೆ ಎಲ್ಲ ಹೇಳಿದೆ. ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡರು. ನಾನು ರುಜು ಹಾಕಬಲ್ಲೆ ಎನ್ನುವುದಕ್ಕೂ ನಾಚಿಕೆಯಾಯಿತು. ಸುದ್ದಿ ಕುರುಗೋಡಿಗೆ ಮುಟ್ಟಿತು. ಅತ್ತೆ ಸಾಯುವವರೆಗೂ ನನ್ನ ಕೈಯ ನೀರು ಕುಡಿಯಲಿಲ್ಲ.

ಕಾಗದ ಮದ್ರಾಸಿಗೆ ಹೋಯಿತು. ಉತ್ತರ ಬರುವ ಮೊದಲೇ, ಐವತ್ತಮೂರರಲ್ಲಿ, ಬಳ್ಳಾರಿ ಮೈಸೂರಿಗೆ ಸೇರಿತು. ಹಳೆಯ ಕಾಗದ ಇನ್ನು ನಡೆಯುವುದಿಲ್ಲ, ಹೊಸ ಹುಡುಗಿಯರ ಜೊತೆ ಮತ್ತೆ ಆರು ತಿಂಗಳು ಕಲಿತರೆ ಹೆಸರು ಸೇರಿಸಲು ನೋಡುತ್ತೇನೆ ಎಂದು ಡಾಕ್ಟರಮ್ಮ ಹೇಳಿಕಳಿಸಿದರು. ನಾನು ಹಿಗ್ಗಿ ಓಡಿದೆ. ಕೊಟ್ರಬಸಮ್ಮ ಬಾಟಲಿ ತೊಳೆಯುತ್ತಿದ್ದಳು. ಕೇಳಿಸಿಕೊಂಡು, ತೊಳೆಯುವುದನ್ನು ನಿಲ್ಲಿಸಲಿಲ್ಲ.

"ನಾ ಹೋಗಂಗಿಲ್ಲ ಶಿವಬಸಮ್ಮ. ಮತ್ತ ಕಲಿಯಾಕ ಕುಂತ್ರ, ಅವತ್ತು ಕತ್ತರಿ ಕುದಿಸಿದ್ದಿಲ್ಲ ಅಂತ ನಾನ ಒಪ್ಪಿಕೊಂಡಂಗ ಆಗ್ತೈತಿ."

ನನ್ನ ಸಲುವಾಗಿ ಹೋಗು ಎಂದು ಬೇಡಿಕೊಂಡೆ. ನಿನ್ನ ಸಲುವಾಗಿ ಸುಮ್ಮನಿದ್ದದ್ದು ಸಾಲದೇ ಎಂದು ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಬಾಟಲಿಗಳನ್ನು ಬಿಸಿಲಿಗೆ ಬೋರಲು ಹಾಕಿ ಒಳಗೆ ಹೋದಳು. ಕೊನೆಯವರೆಗೂ ಆಯಾ ಆಗಿಯೇ ಇದ್ದಳು.